ಕಥೆಯ ಕೊನೆ ನಿಮಗೆ ನೆನಪಿದೆಯೇ?



'ಶೋಲೆ' ಚಲನಚಿತ್ರದ ಕೊನೆಯಲ್ಲಿ ಗಬ್ಬರ್ ಸಿಂಗನಿಗೆ ಏನಾಗುತ್ತದೆ? ಮನೆಯವರನ್ನು ಕೇಳಿ ನೋಡಿ. "ಠಾಕೂರ್ ಅವನನ್ನು ಕೊಲ್ಲುತ್ತಾನೆ" ಎಂದು ಒಬ್ಬರು, "ಇಲ್ಲ, ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ" ಎಂದು ಇನ್ನೊಬ್ಬರು ಹೇಳಬಹುದು. ಎರಡೂ ನಿಜವೇ.

ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ಈ ಚಿತ್ರ 1975ರ ಆಗಸ್ಟ್ 15ರಂದು ತೆರೆಕಂಡಿತು. ನಿರ್ದೇಶಕ ರಮೇಶ್ ಸಿಪ್ಪಿಯವರು ಮೊದಲು ಚಿತ್ರಿಸಿದ್ದ ಅಂತ್ಯದಲ್ಲಿ ಠಾಕೂರ್ ಗಬ್ಬರನನ್ನು ಕೊಲ್ಲುತ್ತಾನೆ. ಅದು ತುರ್ತುಪರಿಸ್ಥಿತಿಯ ಕಾಲ. ಪೊಲೀಸ್ ಅಧಿಕಾರಿಯಾಗಿದ್ದವನೇ ಕಾನೂನನ್ನು ಕೈಗೆತ್ತಿಕೊಳ್ಳುವುದನ್ನು ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಪೊಲೀಸರು ಬಂದು ಅವನನ್ನು ತಡೆಯುವ ಅಂತ್ಯವನ್ನು ಹೊಸದಾಗಿ ಚಿತ್ರೀಕರಿಸಬೇಕಾಯಿತು. ಮೊದಲಿನ ಅಂತ್ಯ ಮುಂದೆ ವಿಡಿಯೊ ಪ್ರತಿಗಳಲ್ಲಿ ಹರಿದಾಡಿತು. 2025ರಲ್ಲಿ ಇಟಲಿಯ ಬೊಲೊನ್ಯಾ ಚಿತ್ರೋತ್ಸವದಲ್ಲಿ ತೆರೆಯ ಮೇಲೂ ಬಂದಿತು.

ಪೊಲೀಸರು ಬರುವ ಚಿತ್ರವನ್ನಷ್ಟೇ ನೋಡಿದವರಿಗೂ "ಗಬ್ಬರ್ ಸತ್ತ" ಎಂದೇ ನೆನಪಿರುವುದುಂಟು. ಏಕೆಂದರೆ ನೆನಪು ಕ್ಯಾಸೆಟ್ಟಿನಂತೆ ಇದ್ದದ್ದನ್ನು ಇದ್ದಹಾಗೆ ಉಳಿಸಿಕೊಳ್ಳುವುದಿಲ್ಲ. ನೆನೆದಾಗಲೆಲ್ಲ ಮನಸ್ಸು ಕಥೆಯನ್ನು ಮತ್ತೆ ಕಟ್ಟುತ್ತದೆ. ಕಟ್ಟುವಾಗ ತನ್ನ ಆಸೆಯನ್ನೂ ಬೆರೆಸುತ್ತದೆ.

ಇನ್ನೊಂದು ಪ್ರಶ್ನೆ. ದುಂದುಗಾರ ಮಗನ ಸಾಮತಿಯಲ್ಲಿ ಹಿರಿಯ ಮಗ ಕೊನೆಗೆ ಏನು ಮಾಡಿದ? ಒಳಗೆ ಹೋಗಿ ತಮ್ಮನನ್ನು ಅಪ್ಪಿಕೊಂಡನೇ? ಮುನಿಸಿಕೊಂಡು ಹೊರಗೇ ಉಳಿದನೇ? ಉತ್ತರ ಕೊಡುವ ಮುನ್ನ ಲೂಕನ ಶುಭಸಂದೇಶದ 15ನೇ ಅಧ್ಯಾಯವನ್ನು ತೆರೆದು ನೋಡಿ. ತಂದೆಯೇ ಹೊರಬಂದು ಅವನನ್ನು ಬೇಡಿಕೊಳ್ಳುತ್ತಾನೆ. 32ನೇ ವಚನದಲ್ಲಿ ತಂದೆಯ ಮಾತಿನೊಂದಿಗೆ ಕಥೆ ನಿಲ್ಲುತ್ತದೆ. ಮಗ ಏನು ಮಾಡಿದನೆಂದು ಯೇಸುಸ್ವಾಮಿ ಹೇಳಲೇ ಇಲ್ಲ. ಪಾಪಿಗಳೊಡನೆ ಊಟ ಮಾಡುತ್ತಾನೆಂದು ಗೊಣಗುತ್ತಿದ್ದ ಫರಿಸಾಯರೂ ಧರ್ಮಶಾಸ್ತ್ರಿಗಳೂ ಎದುರಿಗಿದ್ದರು. ಆ ಕಥೆಯನ್ನು ಮುಗಿಸಬೇಕಾದವರು ಅವರೇ.

ಇಂತಹ ಅರ್ಧ ಕಥೆ ನಮ್ಮ ಮನೆಗಳಲ್ಲೂ ಇಲ್ಲವೇ? ಜಮೀನು ಭಾಗವಾದ ದಿನದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು, ಮದುವೆಗೆ ಕರೆಯಲಿಲ್ಲವೆಂದು ದೂರವಾದ ಅಕ್ಕತಂಗಿಯರು ಇದ್ದಾರೆ. "ಬಾಗಿಲು ಮುಚ್ಚಿದ್ದು ಅವನೇ" ಎಂದು ಇಬ್ಬರಿಗೂ ಖಚಿತವಾಗಿ ನೆನಪಿರುತ್ತದೆ. ವರ್ಷಗಳು ಕಳೆದಂತೆ ಅವನ ಕಟುಮಾತು ಬೆಳೆಯುತ್ತದೆ, ನಮ್ಮ ಮಾತು ಮರೆಯಾಗುತ್ತದೆ.

ಮನುಷ್ಯನ ಮನಸ್ಸು ಠಾಕೂರನ ಮೊದಲ ಅಂತ್ಯವನ್ನೇ ಬಯಸುತ್ತದೆ. ಸೇಡನ್ನು ದೇವರಿಗೇ ಬಿಟ್ಟುಬಿಡಿ ಎಂದು ಸಂತ ಪೌಲರು ರೋಮನರಿಗೆ ಬುದ್ಧಿ ಹೇಳುತ್ತಾರೆ (ರೋಮ. 12:19). ಇದರರ್ಥ ಅನ್ಯಾಯವನ್ನು ಸುಮ್ಮನೆ ಸಹಿಸಬೇಕೆಂದಲ್ಲ. ಮನೆಯಲ್ಲಿ ಹೊಡೆತ, ಹಿಂಸೆ ಇದ್ದರೆ ಕಾನೂನಿನ ನೆರವು ಪಡೆಯುವುದು ಪಾಪವಲ್ಲ. ನ್ಯಾಯ ಕೇಳುತ್ತಲೇ ದ್ವೇಷವನ್ನು ಬಿಡಲು ಸಾಧ್ಯವಿದೆ.

ಈ ವಾರ ಕುಟುಂಬ ಪ್ರಾರ್ಥನೆಯ ಸಮಯದಲ್ಲಿ:

1. ಲೂಕ 15:11-32ನ್ನು ಒಬ್ಬರು ನಿಧಾನವಾಗಿ ಓದಲಿ. ಹಿರಿಯ ಮಗ ಏನು ಮಾಡಿರಬಹುದೆಂದು ಮಕ್ಕಳೂ ಸೇರಿ ಪ್ರತಿಯೊಬ್ಬರೂ ಹೇಳಲಿ.

2. ನಿಮ್ಮ ಮನೆಯ ಹಳೆಯ ಜಗಳವೊಂದನ್ನು ಎದುರು ಪಕ್ಷದವರು ಹೇಗೆ ನೆನಪಿಟ್ಟುಕೊಂಡಿರಬಹುದು? ಅವರ ಬಾಯಿಂದಲೇ ಒಮ್ಮೆ ಕೇಳಿದ್ದೀರಾ?

3. ಮಾತು ಬಿಟ್ಟಿರುವ ಒಬ್ಬರ ಹೆಸರನ್ನು ನೆನೆದು ಅವರಿಗಾಗಿ ಪ್ರಾರ್ಥಿಸಿ. ಸಾಧ್ಯವಾದರೆ ಮುಂದಿನ ಭಾನುವಾರದ ಬಲಿಪೂಜೆಗೆ ಮುಂಚೆ ಅವರನ್ನು ಮಾತನಾಡಿಸಿ. ಹಿರಿಯ ಮಗನಿಗಾಗಿ ತಂದೆ ಅಂಗಳಕ್ಕೆ ಇಳಿದು ಬಂದಂತೆ, ಮೊದಲ ಹೆಜ್ಜೆ ನಿಮ್ಮದಾಗಲಿ.