ಹಾಕಿದ ಪಣ, ಬರೆದ ಬೆಲೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ತೋಟವುಳ್ಳವರ ಮನೆಗಳಲ್ಲಿ ಅಟ್ಟದ ಮೇಲೆ ತೆಂಗಿನಕಾಯಿಯ ರಾಶಿ ಇರುವುದು ಸಾಮಾನ್ಯ. ಹೀಗೆ ಕೂಡಿಟ್ಟ ಕಾಯಿಯೊಳಗಿನ ನೀರು ಹಲವು ತಿಂಗಳುಗಳಲ್ಲಿ ಇಂಗಿ, ತಿರುಳು ಒಣಗಿ ಚಿಪ್ಪನ್ನು ಬಿಡುತ್ತದೆ. ಆಮೇಲೆ ಸುಲಿದು, ಚಿಪ್ಪನ್ನು ಒಡೆದು ತೆಗೆದ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಬರುತ್ತದೆ. ಅಲ್ಲಿನ ಟೆಂಡರು ಪದ್ಧತಿಯಲ್ಲಿ ವರ್ತಕರು ರಾಶಿಯನ್ನು ಪರೀಕ್ಷಿಸಿ, ಒಬ್ಬರ ಬೆಲೆ ಇನ್ನೊಬ್ಬರಿಗೆ ತಿಳಿಯದಂತೆ ತಮ್ಮ ತಮ್ಮ ಬೆಲೆಯನ್ನು ಸೂಚಿಸುವರು. ಗೊತ್ತಾದ ಹೊತ್ತು ಮುಗಿದ ಮೇಲೆ ಹೆಚ್ಚಿನ ಬೆಲೆ ಯಾರದೆಂಬುದು ಪ್ರಕಟವಾಗುವುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಮ್ಮೆ ಮುಂದಿಟ್ಟುದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೆ? ಈ ಪ್ರಶ್ನೆಯನ್ನು ಬಹು ಸೂಕ್ಷ್ಮವಾಗಿ ವಿಚಾರಿಸಿರುವ ಸ್ಥಳವೊಂದುಂಟು. ಅದು ಪೋಕರ್ ಎಂಬ ಇಸ್ಪೀಟಾಟ. ಹಣವಿಟ್ಟು ಆಡುವ ಜೂಜು ಅನೇಕ ಸಂಸಾರಗಳನ್ನು ಹಾಳುಮಾಡಿದೆ; ಅದನ್ನು ಕಲಿಸುವುದು ನಮ್ಮ ಉದ್ದೇಶವಲ್ಲ. ಬಿಲ್ಲೆಗಳ ಬದಲು ಹುಣಿಸೆಬೀಜಗಳನ್ನಿಟ್ಟುಕೊಂಡರೂ ಅದರ ನಿಯಮಗಳ ತತ್ತ್ವ ಚೆನ್ನಾಗಿ ತಿಳಿಯುವುದು.

ಬಿಲ್ಲೆಗಳ ಶಿಷ್ಟಾಚಾರ

ಪೋಕರಿನಲ್ಲಿ ಪ್ರತಿಯೊಬ್ಬನೂ ತನ್ನ ಎಲೆಗಳನ್ನು ಗುಟ್ಟಾಗಿಟ್ಟುಕೊಂಡು, ಸರದಿ ಬಂದಾಗ ಮೂರರಲ್ಲಿ ಒಂದನ್ನು ಮಾಡಬೇಕು: ಎದುರಾಳಿಯ ಪಣಕ್ಕೆ ಸಮನಾಗಿ ಇಡುವುದು, ಪಣವನ್ನು ಏರಿಸುವುದು, ಇಲ್ಲವೆ ಎಲೆಗಳನ್ನು ಬಿಟ್ಟುಕೊಡುವುದು. ಇಟ್ಟ ಬಿಲ್ಲೆಗಳ ವಿಷಯದಲ್ಲಿ ಕಟ್ಟುನಿಟ್ಟಾದ ಕೆಲವು ಕಟ್ಟಳೆಗಳಿವೆ.

ಮೊದಲನೆಯದು, ಪಣವನ್ನು ನಡುವಿನ ರಾಶಿಯೊಳಕ್ಕೆ ಎಸೆಯಕೂಡದು. ತನ್ನ ಮುಂದೆ ಬೇರೆಯಾಗಿ, ಎಲ್ಲರೂ ಎಣಿಸಬಹುದಾದಂತೆ ಇಡಬೇಕು. ರಾಶಿಯಲ್ಲಿ ಬೆರೆತ ಮೇಲೆ ಇಟ್ಟದ್ದು ಹತ್ತೋ ಹನ್ನೆರಡೋ ಎಂದು ಹೇಳುವವರಾರು?

ಎರಡನೆಯದು, ಏರಿಸುವವನು ಮೊತ್ತವನ್ನು ಮೊದಲೇ ಬಾಯಲ್ಲಿ ಹೇಳಬೇಕು, ಅಥವಾ ಎಲ್ಲವನ್ನೂ ಒಂದೇ ಸಲಕ್ಕೆ ಮುಂದಿಡಬೇಕು. ಇಪ್ಪತ್ತನ್ನು ಇಟ್ಟು, ಎದುರಾಳಿಯ ಮುಖವನ್ನು ನೋಡಿ, ಮತ್ತೆ ಮೂವತ್ತನ್ನು ಸೇರಿಸುವುದು ನಿಷಿದ್ಧ.

ಮೂರನೆಯದು, ಸರದಿಯಲ್ಲಿ ಆಡಿದ ಮಾತು ಇಟ್ಟ ಬಿಲ್ಲೆಯಷ್ಟೇ ಬದ್ಧವಾದುದು. ಏನನ್ನೂ ಹೇಳದೆ, ಬೇಕಾದುದಕ್ಕಿಂತ ದೊಡ್ಡ ಬೆಲೆಯ ಒಂದೇ ಬಿಲ್ಲೆಯನ್ನಿಟ್ಟರೆ, ಸಾಮಾನ್ಯವಾಗಿ ಅದು ಎದುರಾಳಿಯ ಪಣಕ್ಕೆ ಸಮನಾಗಿಟ್ಟಂತೆಯೇ ಹೊರತು ಏರಿಸಿದಂತಲ್ಲ. ಉಳಿದ ಚಿಲ್ಲರೆ ಅವನಿಗೆ ಮರಳುವುದು.

ನಾಲ್ಕನೆಯದು, ತನ್ನ ಎಲೆಗಳನ್ನು ತಾನೇ ತಪ್ಪಾಗಿ ನೋಡಿಕೊಂಡಿದ್ದೆನೆಂಬ ಕಾರಣಕ್ಕೆ ಪಣವನ್ನು ಹಿಂದಕ್ಕೆಳೆಯುವಂತಿಲ್ಲ. ಆದರೆ ಯಾರೂ ಸಮಮಾಡದೆ ಉಳಿದ ಹೆಚ್ಚಿನ ಭಾಗ ಮಾತ್ರ ಇಟ್ಟವನಿಗೇ ಸಲ್ಲುತ್ತದೆ.

ಈ ಕಟ್ಟಳೆಗಳೇಕೆ?

ಇವೆಲ್ಲಕ್ಕೂ ಮೂಲ ಒಂದೇ. ಪಣವೆಂಬುದು ಬರಿಯ ಹಣವಲ್ಲ, ಒಂದು ಸುದ್ದಿಯೂ ಹೌದು. ಇಟ್ಟವನು ತನ್ನ ಎಲೆಗಳ ವಿಷಯದಲ್ಲಿ ಏನನ್ನೋ ಹೇಳಿದಂತಾಯಿತು. ಆ ಮಾತಿಗೆ ಬೆಲೆ ಬರುವುದು ಅದನ್ನು ಹಿಂತೆಗೆಯಲು ಆಗದೆಂಬುದರಿಂದಲೇ. ಹಿಂತೆಗೆಯಬಹುದಾದರೆ, ಒಬ್ಬನು ಬೆಲೆ ತೆರದೆಯೇ ಎದುರಾಳಿಯ ಮನಸ್ಸನ್ನು ಅಳೆದುಬಿಡುವನು. ಗಣಿತಜ್ಞ ಜಾನ್ ಫಾನ್ ನಾಯ್ಮನ್ 1928ರಲ್ಲಿ ಇಂಥ ಆಟಗಳ ಸಿದ್ಧಾಂತಕ್ಕೆ ತಳಹದಿ ಹಾಕಿದನು. 1944ರಲ್ಲಿ ಅವನೂ ಆಸ್ಕರ್ ಮಾರ್ಗೆನ್‌ಸ್ಟರ್ನನೂ ಕೂಡಿ ಹೊರತಂದ ಗ್ರಂಥದಲ್ಲಿ ಪೋಕರಿನ ಸರಳ ರೂಪವೊಂದನ್ನು ಗಣಿತದಿಂದ ಬಿಡಿಸಿ ತೋರಿಸಿದ್ದಾರೆ.

ಈಗ ಮಾರುಕಟ್ಟೆಗೆ ಮರಳೋಣ. ಕೂಗಿ ನಡೆಸುವ ಹರಾಜಿನ ನಿಯಮ ಪೋಕರಿಗೆ ವಿರುದ್ಧವಾಗಿದೆ. 1930ರ ಸರಕು ಮಾರಾಟ ಕಾಯಿದೆಯ 64ನೆಯ ಪ್ರಕರಣದಂತೆ, ಸುತ್ತಿಗೆಯ ಪೆಟ್ಟು ಬೀಳುವವರೆಗೆ, ಅಥವಾ ರೂಢಿಯ ಬೇರೆ ರೀತಿಯಲ್ಲಿ ಮಾರಾಟ ಮುಗಿಯಿತೆಂದು ಸಾರುವವರೆಗೆ, ಕೂಗಿದವನು ತನ್ನ ಕೂಗನ್ನು ಹಿಂತೆಗೆದುಕೊಳ್ಳಬಹುದು, ಆಮೇಲೆ ಸಾಧ್ಯವಿಲ್ಲ. ಪೋಕರಿನಲ್ಲಿ ಬಿಲ್ಲೆಯನ್ನು ಮುಂದಿಟ್ಟ ಕ್ಷಣ ಹೇಗೋ, ಇಲ್ಲಿ ಸುತ್ತಿಗೆಯ ಪೆಟ್ಟು ಹಾಗೆ. ಗೆರೆ ಎಲ್ಲಿದೆ ಎಂಬುದು ಬೇರೆ ಬೇರೆ; ಗೆರೆಯೊಂದು ಇರಲೇಬೇಕೆಂಬುದು ಎರಡಕ್ಕೂ ಸಮಾನ.

ಟೆಂಡರಿನಲ್ಲಿ ಬೆಲೆಯ ಗುಟ್ಟೇ ಮುಖ್ಯ. ಗೆದ್ದವನು ತಾನು ಬರೆದಷ್ಟನ್ನೇ ಕೊಡಬೇಕಾದ್ದರಿಂದ, ಪ್ರತಿ ವರ್ತಕನೂ ತನ್ನ ಮನಸ್ಸಿನಲ್ಲಿರುವ ಬೆಲೆಗಿಂತ ಸ್ವಲ್ಪ ಕಡಿಮೆ ಬರೆಯುವುದು ಸಹಜ. ಸ್ಪರ್ಧಿಗಳು ಹೆಚ್ಚಾದಷ್ಟೂ, ಬೇರೊಬ್ಬನು ಮೀರಿಸಿಯಾನೆಂಬ ಭಯದಿಂದ ಈ ಕಡಿತ ತಗ್ಗುವುದು. ಹಾಗೆ ಬರೆಯುವವರು ಕಡಿಮೆಯಾದರೆ, ಅಥವಾ ಒಳಗೊಳಗೇ ಮಾತನಾಡಿಕೊಂಡರೆ, ವರ್ಷವೆಲ್ಲ ಕಾದ ರೈತನಿಗೆ ನಷ್ಟ. 1961ರಲ್ಲಿ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞನು ಇನ್ನೊಂದು ಬಗೆಯನ್ನು ವಿವೇಚಿಸಿದನು: ಹೆಚ್ಚು ಬರೆದವನೇ ಗೆಲ್ಲಲಿ, ಆದರೆ ಎರಡನೆಯವನು ಬರೆದ ಬೆಲೆಯನ್ನು ಮಾತ್ರ ಕೊಡಲಿ. ಆಗ ಮನಸ್ಸಿನಲ್ಲಿರುವ ಬೆಲೆಯನ್ನೇ ಬರೆಯುವುದು ಲಾಭಕರ. ಅವನಿಗೆ 1996ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಹೋದದ್ದು ಹೋಯಿತು

ಮುಂದಿಟ್ಟ ಬಿಲ್ಲೆ ಇನ್ನು ನಮ್ಮದಲ್ಲ. ಈ ಮಾತಿನಲ್ಲಿ ಒಂದು ಲೆಕ್ಕವೂ ಅಡಗಿದೆ. ರಾಶಿಯಲ್ಲಿ 60 ಬೀಜಗಳಿವೆ. ಅದರಲ್ಲಿ 30 ನಾವು ಹಾಕಿದವು. ಎದುರಾಳಿ 20 ಇಟ್ಟನು. ಈಗ ಒಟ್ಟು 80. ಆಟದಲ್ಲಿ ಉಳಿಯಲು ನಾವು 20 ಇಡಬೇಕು. ಇನ್ನು ಮುಂದೆ ಪಣವಿಲ್ಲವೆಂದು ಭಾವಿಸೋಣ. ನಾವು ಗೆಲ್ಲುವ ಸಂಭವ ನಾಲ್ಕರಲ್ಲಿ ಒಂದಾದರೆ, ಇಂಥ 100 ಆಟಗಳಲ್ಲಿ ಸರಾಸರಿ 25 ಸಲ 80ರಂತೆ 2,000 ಬೀಜ ಬರುವುದು. 75 ಸಲ 20ರಂತೆ 1,500 ಹೋಗುವುದು. ಉಳಿತಾಯ 500, ಇಡಬಹುದು. ಸಂಭವ ಹತ್ತರಲ್ಲಿ ಒಂದಾದರೆ ಬರುವುದು 800, ಹೋಗುವುದು 1,800; ಎಲೆ ಬಿಡುವುದೇ ಜಾಣತನ. ಲಾಭನಷ್ಟಗಳ ಗಡಿ 20ನ್ನು 100ರಿಂದ ಭಾಗಿಸಿದಾಗ ಬರುವ ಐದರಲ್ಲಿ ಒಂದು. ಈ ಲೆಕ್ಕದಲ್ಲಿ ನಾವು ಹಿಂದೆ ಹಾಕಿದ 30ರ ಹೆಸರೇ ಬರಲಿಲ್ಲವೆಂಬುದನ್ನು ಗಮನಿಸಬೇಕು. “ಇಷ್ಟು ಹಾಕಿದ್ದೇನೆ, ಈಗ ಬಿಡುವುದು ಹೇಗೆ?” ಎಂಬ ಯೋಚನೆಯೇ ಮೋಸದ ಮೂಲ. ಧರ್ಮರಾಯನು ಸೋತುದನ್ನು ಮರಳಿ ಪಡೆಯಲು ತಮ್ಮಂದಿರನ್ನೂ ಪಣವಿಟ್ಟ ಕಥೆ ಎಲ್ಲರಿಗೂ ತಿಳಿದುದೇ.

ಅಟ್ಟದ ಮೇಲಿನ ಕೊಬ್ಬರಿಗೂ ಇದೇ ನ್ಯಾಯ. ಕೀಳಿಸಿದ ಕೂಲಿ, ಹಾಕಿದ ಗೊಬ್ಬರ, ಕಾದ ತಿಂಗಳುಗಳು ಆಗಲೇ ಇಟ್ಟ ಪಣ. ಇಂದು ಮಾರಬೇಕೊ, ಇನ್ನೂ ಕಾಯಬೇಕೊ ಎಂಬುದನ್ನು ಇಂದಿನ ಬೆಲೆ, ಮುಂದೆ ಏರುವ ಅಥವಾ ಇಳಿಯುವ ಸಂಭವ, ಕಾದರೆ ಹುಳುಬೂಷ್ಟುಗಳಿಂದಾಗುವ ನಷ್ಟ, ಮನೆಯಲ್ಲಿ ಹಣದ ಅಗತ್ಯ, ಇವುಗಳಿಂದ ನಿರ್ಣಯಿಸಬೇಕೇ ಹೊರತು ಹಿಂದೆ ಖರ್ಚಾದುದರಿಂದಲ್ಲ. ಆ ಖರ್ಚಿನ ಲೆಕ್ಕ ಬೇಕಾಗುವುದು ಮುಂದಿನ ವರ್ಷದ ಬೇಸಾಯವನ್ನು ಯೋಚಿಸುವಾಗ.

ಅಭ್ಯಾಸ: ರಾಶಿಯಲ್ಲಿ 90 ಬೀಜಗಳಿರಲು ಎದುರಾಳಿ 45 ಇಟ್ಟನು. ಸಮನಾಗಿ ಇಡಬೇಕಾದರೆ ನಮ್ಮ ಗೆಲುವಿನ ಸಂಭವ ಕನಿಷ್ಠ ಎಷ್ಟಿರಬೇಕು? (ಉತ್ತರ: ನಾಲ್ಕರಲ್ಲಿ ಒಂದು.)