ಗೇಹಜಿಯ ಕೈಗಿಂತ ಮೊದಲು ಗೇಹಜಿಯ ಮನಸ್ಸು

ಎಲ್ಲರೂ ಬೈಬಲ್ ತೆಗೀರಿ, ಮೊಬೈಲಲ್ಲಿದ್ರೂ ಪರವಾಗಿಲ್ಲ. ಎರಡನೆಯ ಅರಸುಗಳು 5ನೇ ಅಧ್ಯಾಯ, 20ನೇ ವಚನದಿಂದ. ನಾಮಾನನ ಕುಷ್ಠ ವಾಸಿಯಾದ ಕಥೆ ಸಂಡೇ ಸ್ಕೂಲಿನಿಂದ ನಿಮಗೆ ಗೊತ್ತು. ಇವತ್ತು ಆ ಕಥೆಯ ಕೊನೆಯಲ್ಲಿರೋ ಕೆಲಸದವನನ್ನ ನೋಡೋಣ. ಅವನೇ ಎಲೀಷನ ಸೇವಕ ಗೇಹಜಿ.

ಯಜಮಾನ ಬೇಡವೆಂದ ಕಾಣಿಕೆಯನ್ನು ಇವನು ಹಿಂದೆ ಓಡಿಹೋಗಿ ಕೇಳಿದ, ಅದೂ ಯಜಮಾನನ ಹೆಸರಲ್ಲಿ. ಇಬ್ಬರು ಯುವ ಪ್ರವಾದಿಗಳು ಬಂದಿದ್ದಾರೆ ಅಂತ ಸುಳ್ಳು ಲೆಕ್ಕ ಕೊಟ್ಟ. ಕೇಳಿದ್ದು ಒಂದು ತಲಾಂತು ಬೆಳ್ಳಿ, ಸಿಕ್ಕಿದ್ದು ಎರಡು. ಮನೆಯಲ್ಲಿ ಬಚ್ಚಿಟ್ಟು ಬಂದು, ಎಲ್ಲಿಗೂ ಹೋಗಿಲ್ಲ ಅಂದ. ಆದರೆ 20ನೇ ವಚನ ನೋಡಿ. ಕೈ ಚಾಚೋ ಮೊದಲೇ ಅವನು ಮನಸ್ಸಿನಲ್ಲಿ ಒಂದು ನೆಪ ಕಟ್ಟಿಕೊಂಡಿದ್ದ: ಈ ಪರದೇಶದವನನ್ನ ನಮ್ಮ ಯಜಮಾನ ಸುಮ್ಮನೆ ಕಳಿಸಿಬಿಟ್ಟನಲ್ಲ! ಅದಕ್ಕೆ ದೇವರ ಆಣೆಯನ್ನೂ ಸೇರಿಸಿದ.

ವಾರದಲ್ಲಿ ಐದು ದಿನ ಆಫೀಸಿಗೆ ಹೋಗೋ ನಾನು ಈ ನೆಪಗಳನ್ನು ಕೇಳ್ತಾನೇ ಇರ್ತೀನಿ. ‘ಕಂಪನಿ ಕೋಟಿಗಟ್ಟಲೆ ದುಡಿಯುತ್ತೆ, ನನ್ನ ಒಂದು ಕ್ಯಾಬ್ ಬಿಲ್ಲಿನಿಂದ ಏನಾಗುತ್ತೆ?’ ‘ಎಕ್ಸ್‌ಪೀರಿಯನ್ಸ್ ಲೆಟರ್ ಎಲ್ಲರೂ ದುಡ್ಡು ಕೊಟ್ಟೇ ಮಾಡಿಸೋದು.’ ‘ಹೈಕ್ ಕೊಡಲಿಲ್ಲ, ನಾನೇ ತಗೋತೀನಿ.’

ಅಮೆರಿಕದ ಡೊನಾಲ್ಡ್ ಕ್ರೆಸ್ಸಿ ಎಂಬ ವಿದ್ವಾಂಸರು, ನಂಬಿ ಕೊಟ್ಟ ಹಣವನ್ನು ಲಪಟಾಯಿಸಿ ಜೈಲು ಸೇರಿದವರನ್ನು ಮಾತಾಡಿಸಿ 1953ರಲ್ಲಿ ಒಂದು ಪುಸ್ತಕ ಬರೆದರು. ಅವರು ಕಂಡದ್ದು ಮೂರು ಸಂಗತಿ: ಯಾರಿಗೂ ಹೇಳಿಕೊಳ್ಳಲಾಗದ ಹಣದ ತೊಂದರೆ, ಸಿಕ್ಕಿಬೀಳಲ್ಲ ಅನ್ನೋ ಅವಕಾಶ, ಮನಸ್ಸು ಕೊಡೋ ಸಮರ್ಥನೆ. ಹಾಗಾದ್ರೆ ಮೂರಕ್ಕೂ ಔಷಧಿ ಬೇಕು.

ಒಂದು, ತೊಂದರೆಯನ್ನು ಹೇಳಿಕೊಳ್ಳಿ. ಇಎಂಐ ಕಟ್ಟೋಕಾಗ್ತಿಲ್ಲವಾ? ಆನ್‌ಲೈನ್ ಗೇಮಲ್ಲಿ ದುಡ್ಡು ಹೋಯ್ತಾ? ನಾಚಿಕೆಯಿಂದ ಬಚ್ಚಿಟ್ಟ ಸಾಲವೇ ಕಳ್ಳತನಕ್ಕೆ ದಾರಿ ಮಾಡುತ್ತೆ. ಸೆಲ್ ಗ್ರೂಪ್ ಇರೋದು ಹಾಡೋಕೆ ಮಾತ್ರ ಅಲ್ಲ, ಒಬ್ಬರ ಭಾರ ಇನ್ನೊಬ್ಬರು ಹೊರೋಕೆ.

ಎರಡು, ಹಣದ ಜೊತೆ ಒಬ್ಬರೇ ಇರಬೇಡಿ. ಎರಡನೆಯ ಅರಸುಗಳು 12ನೇ ಅಧ್ಯಾಯದಲ್ಲಿ ದೇವಾಲಯದ ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಸೇರಿ ಎಣಿಸಿದರು. ಮಹಾಯಾಜಕನ ಮೇಲೆ ಅನುಮಾನವಾ? ಅಲ್ಲ, ಅದು ಅವನಿಗೂ ರಕ್ಷಣೆ. ಆಫೀಸಲ್ಲಿ ಅಪ್ರೂವಲ್, ಆಡಿಟ್ ಅಂದ್ರೆ ಗೊಣಗಬೇಡಿ.

ಮೂರು, ನೆಪವನ್ನು ಬಾಯಿಬಿಟ್ಟು ಹೇಳಿ ನೋಡಿ. ಮನಸ್ಸಿನೊಳಗೆ ಸರಿ ಅನ್ನಿಸಿದ್ದನ್ನ ನಿಮ್ಮ ಅಮ್ಮನ ಮುಂದೆ ಹೇಳೋಕಾಗುತ್ತಾ? ಪ್ರಾರ್ಥನೆಯಲ್ಲಿ ಹೇಳೋಕಾಗುತ್ತಾ?

ಇಲ್ಲಿ ಟೀಮ್ ಲೀಡ್‌ಗಳೂ ಕೂತಿದ್ದೀರಿ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಒಂದೊಂದು ಗ್ರಾಹಕ ಕುಟುಂಬಕ್ಕೂ 8 ಸೇವೆ ಮಾರುವ ಗುರಿ ಇತ್ತು. ಒತ್ತಡ ತಾಳದೆ ನೌಕರರು ಗ್ರಾಹಕರಿಗೆ ಗೊತ್ತಿಲ್ಲದೆ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ಜನ ಆ ಮೊದಲೇ ಕೆಲಸ ಕಳಕೊಂಡಿದ್ದರು. ಆಗದ ಟಾರ್ಗೆಟ್ ಕೊಟ್ಟು, ‘ಹೇಗಾದ್ರೂ ಮಾಡಿ’ ಅಂದರೆ, ಆ ಪಾಪದಲ್ಲಿ ನಿಮಗೂ ಪಾಲಿದೆ.

‘ಬ್ರದರ್, ಮ್ಯಾನೇಜರೇ ಸುಳ್ಳು ಬರಿ ಅಂದ್ರೆ?’ ಅಂತ ಕೇಳ್ತೀರಿ. ಸುಲಭ ಅಂತ ನಾನು ಹೇಳಲ್ಲ. ಮನೆ ಬಾಡಿಗೆ ನಿಮ್ಮ ಸಂಬಳದ ಮೇಲೇ ನಿಂತಿರಬಹುದು. ಮೊದಲು ಗೌರವದಿಂದ, ‘ಸರ್, ಇದನ್ನ ಮೇಲ್‌ನಲ್ಲಿ ಕಳಿಸ್ತೀರಾ?’ ಅಂತ ಕೇಳಿ. ಎಷ್ಟೋ ಸಲ ಮಾತು ಅಲ್ಲೇ ನಿಲ್ಲುತ್ತೆ. ನಿಲ್ಲದಿದ್ರೆ, 2013ರ ಕಂಪನಿ ಕಾಯ್ದೆಯ 177ನೇ ಕಲಂ ಪ್ರಕಾರ ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯಲ್ಲೂ ಇಂಥ ದೂರು ಕೊಡೋ ವ್ಯವಸ್ಥೆ ಇರಲೇಬೇಕು, ದೂರು ಕೊಟ್ಟವರಿಗೆ ರಕ್ಷಣೆಯೂ ಇರಬೇಕು. ಅದನ್ನು ಬಳಸಿ. ಆದರೂ ಕೆಲಸ ಹೋದ್ರೆ? ಆಗ ಈ ಸಭೆ ನಿಮ್ಮ ಮನೆಗೆ ಅಕ್ಕಿ ತರಬೇಕು. ತರದಿದ್ರೆ ನಮ್ಮ ಬೋಧನೆ ಬರೀ ಬಾಯಿಮಾತು.

ದಾನಿಯೇಲನ ಶತ್ರುಗಳು ಅವನ ಫೈಲುಗಳನ್ನೆಲ್ಲ ಜಾಲಾಡಿದರೂ ಕೆಲಸದಲ್ಲಿ ಒಂದು ತಪ್ಪೂ ಸಿಗಲಿಲ್ಲ. ನಾಳೆ ಸೋಮವಾರ. ಸಲ್ಲಿಸಬೇಕಾದ ಬಿಲ್ಲು, ಟೈಮ್‌ಶೀಟ್ ಇದ್ರೆ ಇವತ್ತು ರಾತ್ರಿಯೇ ಇನ್ನೊಮ್ಮೆ ತೆಗೆದು ನೋಡಿ, ಸುಳ್ಳಿದ್ರೆ ಅಳಿಸಿ. ಈಗ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ. ಆಮೆನ್.