ಹಾರಿಸುವ ಮುನ್ನ

ಮಗಳೇ, ಡ್ರೋನ್ ಪೈಲಟ್ ಪ್ರಮಾಣಪತ್ರ ಬಂತು, ಪಾರ್ಸೆಲ್ ಕಂಪನಿಯಲ್ಲಿ ಕೆಲಸವೂ ಸಿಕ್ಕಿತು ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ತುಂಬ ಸಂತೋಷವಾಯಿತು. ಆಸ್ಪತ್ರೆಯ ಲ್ಯಾಬಿನಲ್ಲೇ ಆಯುಷ್ಯ ಕಳೆದ ನನಗೆ ಆ ಯಂತ್ರದ ಬೆಲೆ ಗೊತ್ತು. ಆಪರೇಷನ್ ನಡೆಯುತ್ತಿರುವಾಗಲೇ ಗಡ್ಡೆಯ ಚೂರೊಂದನ್ನು ಪರೀಕ್ಷೆಗೆ ಕಳಿಸಿ, ಉತ್ತರ ಬರುವ ತನಕ ಸರ್ಜನ್ ಕಾಯಬೇಕಾಗುತ್ತದೆ. ಕಾರ್ಕಳದ ಆಸ್ಪತ್ರೆಯಿಂದ ಮಣಿಪಾಲದ ಲ್ಯಾಬಿಗೆ ಸುಮಾರು 37 ಕಿಲೋಮೀಟರ್. ರಸ್ತೆಯಲ್ಲಿ ಗಂಟೆ ಹಿಡಿಯುವ ದಾರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂಥ ಚೂರನ್ನು ಡ್ರೋನಿನಲ್ಲಿ ಅರ್ಧ ಗಂಟೆಯೊಳಗೆ ಮುಟ್ಟಿಸಿ ತೋರಿಸಿತು. 2021ರಲ್ಲಿ ಮಣಿಪುರದ ಲೋಕ್ತಾಕ್ ಸರೋವರದ ದ್ವೀಪಕ್ಕೆ ಲಸಿಕೆ ಹೋದದ್ದೂ ಹೀಗೆಯೇ. ರುವಾಂಡಾದಲ್ಲಂತೂ 2016ರಿಂದ ಹಳ್ಳಿಯ ಆಸ್ಪತ್ರೆಗಳ ಅಂಗಳಕ್ಕೆ ರಕ್ತದ ಚೀಲಗಳು ಪ್ಯಾರಾಚೂಟಿನಲ್ಲಿ ಇಳಿಯುತ್ತಿವೆ.

ನೀನು ಹೊರುವುದು ಹೆಚ್ಚಾಗಿ ಬಟ್ಟೆ, ತಿಂಡಿ, ಚಾರ್ಜರ್. ಅದೂ ಬೇಡವೆನ್ನುವುದಿಲ್ಲ. ಪೆಟ್ರೋಲ್ ಉಳಿಯುತ್ತದೆ, ಹತ್ತು ನಿಮಿಷದ ಗಡುವಿಗಾಗಿ ಬೈಕ್ ಹುಡುಗರು ಜೀವ ಒತ್ತೆಯಿಡುವುದು ತಪ್ಪುತ್ತದೆ. ಆದರೆ ನಿನ್ನ ಡ್ರೋನ್ ದಾಟುವ ಮನೆಗಳ ಜನ ಏನನ್ನೂ ತರಿಸಿಕೊಂಡಿರುವುದಿಲ್ಲ. ಅದರ ಸದ್ದು, ಕ್ಯಾಮೆರಾ, ಬಿದ್ದರೆ ಪೆಟ್ಟು ಮಾತ್ರ ಅವರ ಪಾಲಿಗೆ. 2019ರಲ್ಲಿ ಜ್ಯೂರಿಕ್‌ನಲ್ಲಿ ಒಂದು ಡ್ರೋನಿನ ಪ್ಯಾರಾಚೂಟ್ ಹಗ್ಗ ತುಂಡಾಗಿ ಅದು ಕಾಡಿನೊಳಗೆ ಬಿತ್ತು. ಐವತ್ತು ಮೀಟರ್ ಆಚೆಗೆ ಶಿಶುವಿಹಾರದ ಮಕ್ಕಳಿದ್ದರು. ಅದು ಲ್ಯಾಬ್ ಮಾದರಿ ಹೊರುವ ಸೇವೆಯದೇ ಡ್ರೋನ್! ಉದ್ದೇಶ ಒಳ್ಳೆಯದೆಂದು ಹಗ್ಗ ಗಟ್ಟಿಯಾಗುವುದಿಲ್ಲ ನೋಡು. 2022ರಲ್ಲಿ ಆಸ್ಟ್ರೇಲಿಯಾದ ಲೋಗನ್‌ನಲ್ಲಿ ಊಟ ಹೊತ್ತ ಡ್ರೋನ್ ವಿದ್ಯುತ್ ತಂತಿಯ ಮೇಲೆ ಇಳಿದು ಸುಮಾರು ಎರಡು ಸಾವಿರ ಮನೆಗಳ ಕರೆಂಟು ಹೋಯಿತು.

ಆದ್ದರಿಂದ ಮೊದಲು ‘ಇವತ್ತು ಹಾರಿಸುವುದಿಲ್ಲ’ ಎನ್ನಲು ಕಲಿ. ನಮ್ಮ ಕರಾವಳಿಯ ಮಳೆಗಾಲ ನಿನಗೆ ಹೊಸದಲ್ಲ. ಎದುರುಗಾಳಿಗೆ ಬ್ಯಾಟರಿ ಬೇಗ ಬರಿದಾಗುತ್ತದೆ. ತೆಂಗಿನ ತೋಟಗಳ ನಡುವೆ ಹಾದ ತಂತಿ ಪರದೆಯಲ್ಲಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡವೆಂದು 2021ರ ಡ್ರೋನ್ ನಿಯಮ ಹೇಳುತ್ತದೆ, ನಿಜ. ಆದರೂ ವಲಯದ ನಕ್ಷೆ ಬದಲಾಗುತ್ತಿರುತ್ತದೆ, ಪ್ರತಿ ಸಲ ಹಾರಿಸುವ ಮೊದಲು ನೋಡು. ಮೂರನೆಯವರಿಗೆ ಆಗುವ ನಷ್ಟದ ವಿಮೆ ಚಾಲ್ತಿಯಲ್ಲಿದೆಯೇ ಎಂದು ಕಾಗದ ಕೈಯಲ್ಲಿ ಹಿಡಿದೇ ಖಚಿತಪಡಿಸಿಕೋ. ಅಪಘಾತವಾದರೆ 48 ಗಂಟೆಯೊಳಗೆ ವರದಿ ಕೊಡಲೇಬೇಕು. ಯಾರು ಮುಚ್ಚಿಡು ಅಂದರೂ ಮುಚ್ಚಿಡಬೇಡ.

ಇನ್ನು ಸಂಬಳದ ಮಾತು ಬಂದಾಗ ಒಂದು ಪ್ರಶ್ನೆ ಕೇಳು: ಗಾಳಿ ನೋಡಿ ನಾನು ಹಾರಾಟ ನಿಲ್ಲಿಸಿದರೆ ಆ ದಿನದ ದುಡ್ಡು ಕಡಿಯುತ್ತೀರಾ? ಹೌದು ಎಂದರೆ ಸಹಿ ಹಾಕದೆ ಎದ್ದು ಬಾ. ಬೇರೆ ಕೆಲಸ ಸಿಗುವ ತನಕ ನಮ್ಮ ಮನೆಯಲ್ಲೇ ಇರು, ದೊಡ್ಡಮ್ಮನಿಗೂ ಹೇಳಿದ್ದೇನೆ.